ಏಡನ್‌ನಿಂದ ಬರಬೇಕಾಗಿದ್ದ ಇಬ್ಬರು

ಕಳೆದ ತಿಂಗಳು ನಮ್ಮ ಪಕ್ಕದ ಮನೆಯವರು ಗೋಡೆ ಒಡೆಸಿದರು. ಸಿಮೆಂಟಿನ ಧೂಳು ಒಳಗೆ ನುಗ್ಗಬಾರದೆಂದು ಬಾಗಿಲಿನ ಸಂದಿಗೆ ಒದ್ದೆ ಟವೆಲು ಒತ್ತಿಟ್ಟಿದ್ದೆ. ಮಧ್ಯಾಹ್ನ ಅದನ್ನು ತೆಗೆಯಲು ಬಗ್ಗಿದವಳಿಗೆ ಒದ್ದೆ ಬಟ್ಟೆಯ ಮೇಲೆ ಕೂತ ಧೂಳಿನ ವಾಸನೆ ಮೂಗಿಗೆ ಹೊಡೆಯಿತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮಂಗಳೂರಿನ ಈ ಮನೆ ಮರೆತುಹೋಗಿ ಬರ್ ದುಬೈಯ ಎರಡು ಕೋಣೆಯ ಫ್ಲ್ಯಾಟು ಕಣ್ಣೆದುರು ಬಂತು. 2015ರ ಮಾರ್ಚ್ ಕೊನೆ, ಏಪ್ರಿಲ್ ಮೊದಲು. ದುಬೈಯಲ್ಲಿ ಕಳೆದ ಉಳಿದ ವರ್ಷಗಳನ್ನೆಲ್ಲ ಸೇರಿಸಿ ಒಂದೇ ಉಂಡೆ ಕಟ್ಟಬಹುದು, ಅಷ್ಟು ಒಂದೇ ರೀತಿ. ಆ ಒಂದು ವಸಂತದ ರಜೆ ಮಾತ್ರ ಯಾವ ಉಂಡೆಗೂ ಸೇರದೆ ಉಳಿದಿದೆ.

ಆಗ ನಾನು ಜುಮೇರಾ ಲೇಕ್ ಟವರ್ಸ್‌ನ ಒಂದು ಸಣ್ಣ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ನಾನು ಉಡುಪಿ ಕಡೆಯವಳು, ನನ್ನ ಗಂಡ ಮಂಜುನಾಥ ಮೈಸೂರಿನವರು. ನಮಗೆ ಮಕ್ಕಳಿರಲಿಲ್ಲ. ನಮಗಿದ್ದದ್ದು ಅಕ್ಕನ ಮಗಳು ಅದಿತಿ, ಹನ್ನೊಂದು ವರ್ಷದವಳು. ಅಕ್ಕ ವನಜಾ, ಭಾವ ಜಗದೀಶ ಮತ್ತು ಅದಿತಿ ಅಬುಧಾಬಿಯಲ್ಲಿ, ಅಲ್ ಮೀನಾ ಬಂದರಿಗೆ ಹತ್ತಿರದಲ್ಲಿದ್ದರು. ಶುಕ್ರವಾರ ಬಂತೆಂದರೆ ಅವರು ಇಲ್ಲಿ, ಇಲ್ಲವೇ ನಾವು ಅಲ್ಲಿ. ಅಕ್ಕ ಬಂದರಿನ ಮೀನು ಮಾರುಕಟ್ಟೆಯಿಂದ ಅಂಜಲ್ ಮೀನು ತಂದು ಹುಳಿ-ಖಾರದ ಪುಳಿಮುಂಚಿ ಮಾಡುತ್ತಿದ್ದಳು. ಮೈಸೂರಿನ ನನ್ನ ಗಂಡನಿಗೆ ಆ ವಾಸನೆ ಆಗದು, ಮೊಸರನ್ನ ಹಿಡಿದುಕೊಂಡು ಬಾಲ್ಕನಿಗೆ ಹೋಗಿ ಕೂರುತ್ತಿದ್ದರು.

ಭಾವ ಬಂದರಿನ ದೊಡ್ಡ ಕ್ರೇನ್‌ಗಳನ್ನು ರಿಪೇರಿ ಮಾಡುವ ಎಂಜಿನಿಯರ್. ಬಹಳ ವರ್ಷ ಇಂಗ್ಲೆಂಡಿನಲ್ಲಿದ್ದು ಅಲ್ಲಿಯ ಪೌರತ್ವ ತೆಗೆದುಕೊಂಡವರು. ಅವರಿದ್ದದ್ದು ಲಂಡನ್ನಿನಿಂದ ಅರ್ಧ ದಿನದ ದಾರಿಯ ಯಾವುದೋ ಬಂದರಿನ ಊರಿನಲ್ಲಿ. ಆದರೂ ನಮ್ಮ ಕುಟುಂಬದಲ್ಲಿ ಅವರಿಗೆ 'ಲಂಡನ್ ಭಾವ' ಎಂದೇ ಹೆಸರು. ಅದಿತಿ ಹುಟ್ಟಿದ್ದೂ ಅಲ್ಲೇ, ಹಾಗಾಗಿ ಅವಳದ್ದೂ ಕಡುಗೆಂಪು ಬಣ್ಣದ ಬ್ರಿಟಿಷ್ ಪಾಸ್‌ಪೋರ್ಟು. ಅಕ್ಕನದ್ದು ಮಾತ್ರ ಇಂಡಿಯಾದ ನೀಲಿ.

ಇದು ಮರೆವಿನಿಂದ ಆದದ್ದಲ್ಲ, ಬೇಕೆಂದೇ ಮಾಡಿದ್ದು. ನಮ್ಮ ಕಡೆಯವರು ಹೊರದೇಶದ ಪೌರರಾಗುವಾಗ ಒಂದು ಉಪಾಯ ಮಾಡುತ್ತಾರೆ. ಗಂಡ ಹೆಂಡತಿಯಲ್ಲಿ ಒಬ್ಬರು ಅಲ್ಲಿಯವರಾಗುವುದು, ಇನ್ನೊಬ್ಬರು ಇಂಡಿಯಾದವರಾಗಿಯೇ ಉಳಿಯುವುದು. ಹೊರದೇಶದವರಾದರೆ ಗದ್ದೆ ಕೈತಪ್ಪುತ್ತದೆ ಎಂದು ಯಾರೋ ಅರ್ಧಂಬರ್ಧ ತಿಳಿದವರು ನಮ್ಮ ಅಮ್ಮನ ತಲೆಗೆ ತುಂಬಿದ್ದರು. ಅಮ್ಮನ ಪಾಲಿನ ಗದ್ದೆ ಹೆಣ್ಣುಮಕ್ಕಳಿಗೆ ಬರುವಂಥದ್ದು. "ಅವರು ಬೇಕಾದರೆ ಇಂಗ್ಲೆಂಡಿನ ರಾಜನೇ ಆಗಲಿ, ನೀನು ಪಾಸ್‌ಪೋರ್ಟ್ ಮುಟ್ಟಬೇಡ" ಎಂದು ಅಮ್ಮ ಅಕ್ಕನಿಂದ ಮಾತು ತೆಗೆದುಕೊಂಡಿದ್ದರು. ಬಂದ ಗದ್ದೆಯನ್ನು ಯಾರೂ ಕಿತ್ತುಕೊಳ್ಳುವುದಿಲ್ಲ ಎಂದು ವಕೀಲರೊಬ್ಬರು ಹೇಳಿದ್ದು ಎಷ್ಟೋ ವರ್ಷಗಳ ಮೇಲೆ.

ಭಾವನಿಗೆ ತಮ್ಮ ಪಾಸ್‌ಪೋರ್ಟಿನ ಮೇಲೆ ಇದ್ದ ಭಕ್ತಿ ದೇವರ ಮೇಲೂ ಇರಲಿಲ್ಲ. ಕೆಲಸದ ಮೇಲೆ ಎಂಥೆಂಥ ಊರಿಗೂ ಹೋಗುತ್ತಿದ್ದರು. ನಾವು ಹೆದರಿದರೆ, "ಎಂತ ಹೆದರ್ಲಿಕ್ಕೆ? ಗಲಾಟೆ ಆದ್ರೆ ನಮ್ಮ ವಿಮಾನ ಬರ್ತದೆ" ಎನ್ನುತ್ತಿದ್ದರು. ಆ 'ನಮ್ಮ' ಕೇಳಿ ಅಕ್ಕ ನನಗೆ ಕಣ್ಣು ಹೊಡೆಯುತ್ತಿದ್ದಳು. ನಗುತ್ತಿದ್ದೆವು ನಿಜ, ಆದರೆ ನಾವೂ ಅದನ್ನು ನಂಬಿದ್ದೆವು. ಹಿತ್ತಲ ಗಿಡ ಮದ್ದಲ್ಲ ಅಲ್ಲವೇ, ನೀಲಿ ಪಾಸ್‌ಪೋರ್ಟಿನ ಬೆಲೆ ನಮಗೆ ಯಾರಿಗೂ ಅಷ್ಟಕ್ಕಷ್ಟೆ.

ಆ ವರ್ಷ ಫೆಬ್ರವರಿಯಲ್ಲಿ ಭಾವನನ್ನು ಕಂಪನಿ ಯೆಮನ್ ದೇಶದ ಏಡನ್ ಬಂದರಿಗೆ ಕಳುಹಿಸಿತು. ಅಲ್ಲಿಯ ರಾಜಧಾನಿ ಆಗಲೇ ಬಂಡುಕೋರರ ಕೈಯಲ್ಲಿತ್ತು. ಏಡನ್ ದೂರ, ಅಲ್ಲಿ ಗಲಾಟೆ ಏನೂ ಇಲ್ಲ ಎಂದರು ಭಾವ. ಮಾರ್ಚ್ ನಡುವೆ ಭಾವ ಕ್ರೇನಿನ ಏಣಿಯಿಂದ ಜಾರಿ ಕಾಲು ಮುರಿದುಕೊಂಡರು. ತೊಡೆಯವರೆಗೆ ಪ್ಲಾಸ್ಟರ್, ಕೆಲವು ದಿನ ಅಲ್ಲಾಡುವ ಹಾಗಿಲ್ಲ. ಅಕ್ಕ ಅದಿತಿಯನ್ನು ಕರೆತಂದು ನನ್ನ ಮನೆಯಲ್ಲಿ ಬಿಟ್ಟಳು. ಶಾಲೆಗೆ ಹೇಗೂ ರಜೆ.

"ಒಂದು ವಾರ ಅಷ್ಟೆ ಸುಮಿ. ಸ್ವಲ್ಪ ಕೂರ್ಲಿಕ್ಕಾದ್ರೆ ಗಾಲಿ ಕುರ್ಚಿಯಲ್ಲಾದ್ರೂ ತಳ್ಳಿಕೊಂಡು ಬರ್ತೇನೆ. ಇವಳಿಗೆ ದಿನಾ ಮೊಬೈಲ್ ಕೊಡ್ಬೇಡ."

"ಆ ಊರಿಗೆ ಈಗ ಹೋಗ್ಬೇಕಾ ಅಕ್ಕ?"

"ಮತ್ತೆ? ಅವರಿಗೆ ಒಂದು ಲೋಟ ನೀರು ಯಾರು ಕೊಡ್ತಾರೆ?"

ಹೋದಳು. ವಾರ ತುಂಬುವ ಮೊದಲೇ ಒಂದು ಬೆಳಿಗ್ಗೆ ಮೆಟ್ರೋದಲ್ಲಿ ಎಲ್ಲರೂ ಮೊಬೈಲಿಗೆ ಮುಖ ಹುದುಗಿಸಿ ಕೂತಿದ್ದರು. ಯೆಮನ್ ಮೇಲೆ ರಾತ್ರಿಯೇ ಬಾಂಬು ಬಿದ್ದಿತ್ತು. ಹಾಕಿದ್ದು ಸೌದಿ ಮತ್ತು ಅದರ ಜೊತೆಗಾರ ದೇಶಗಳು, ನಾವು ಉಣ್ಣುತ್ತಿದ್ದ ದೇಶವೂ ಅದರಲ್ಲಿತ್ತು. ಸುತ್ತ ನೋಡಿದೆ. ಅಷ್ಟು ಜನರಲ್ಲಿ ಒಬ್ಬರೂ ಆ ವಿಷಯ ಎತ್ತಲಿಲ್ಲ. ನನ್ನ ನಿಲ್ದಾಣ ದಾಟಿ ಮುಂದೆ ಹೋಗಿಬಿಟ್ಟಿದ್ದೆ.

ಸಂಜೆ ಮನೆಗೆ ಬಂದ ಮಂಜುನಾಥ ಮೊದಲು ಕಿಟಕಿ ಹಾಕಿದರು. "ನೋಡೇ ಸುಮಾ, ವಾಟ್ಸಪ್ಪಲ್ಲಿ ಏನ್ ಬಂದ್ರೂ ಯಾರಿಗೂ ಕಳಿಸ್ಬೇಡ. ತಮಾಷೆಗೂ ಬೇಡ. ಲಿಫ್ಟಲ್ಲೂ ಮಾತಾಡ್ಬೇಡ. ಒಂದು ತಪ್ಪು ಮಾತು ಆಡಿದ್ರೆ ಖಲಾಸ್, ಗಂಟುಮೂಟೆ ಕಟ್ಬೇಕಾಗತ್ತೆ."

"ನನ್ನ ಅಕ್ಕ ಅಲ್ಲಿದ್ದಾಳೆ ಅಂತ ಅಳ್ಲಿಕ್ಕಾದ್ರೂ ಆಗ್ತದಾ, ಅದೂ ಬೇಡವಾ?"

"ಅಳು. ಮೆತ್ತಗೆ ಅಳು."

ಬೇರೆ ದಿನವಾಗಿದ್ದರೆ ಆ ಮಾತಿಗೆ ಒಂದು ವಾರ ಮಾತು ಬಿಡುತ್ತಿದ್ದೆ. ಅವರು ಮುಚ್ಚಿದ ಕಿಟಕಿಯನ್ನೇ ಮತ್ತೊಮ್ಮೆ ಎಳೆದು ನೋಡುತ್ತಿದ್ದರು, ನಾನು ಒಳಗೆ ಹೋಗಿ ಅನ್ನಕ್ಕಿಟ್ಟೆ.

ವಿಮಾನ ನಿಲ್ದಾಣ ಮುಚ್ಚಿತ್ತು. ಅಕ್ಕನ ಫೋನು ದಿನಕ್ಕೊಮ್ಮೆ ಬರುತ್ತಿತ್ತು, ಎರಡು ಮಾತಾಡುವಷ್ಟರಲ್ಲಿ ಹೋಗುತ್ತಿತ್ತು. ಕಂಪನಿಯ ಗೆಸ್ಟ್‌ಹೌಸಿನಲ್ಲಿ ಉಳಿದವರು ಇವರಿಬ್ಬರೇ. ಬಕೆಟು, ಪಾತ್ರೆ, ಕೊನೆಗೆ ಪ್ರೆಷರ್ ಕುಕ್ಕರಿನಲ್ಲೂ ನೀರು ತುಂಬಿಟ್ಟಿದ್ದೇನೆ ಎಂದಳು. ರಸ್ತೆಯಲ್ಲಿ ಬಂದೂಕು ಹಿಡಿದ ಹುಡುಗರು ಓಡಾಡುತ್ತಾರೆ, ಯಾರು ಯಾವ ಕಡೆಯವರೋ ಗೊತ್ತಾಗುವುದಿಲ್ಲ ಎಂದಳು. ಒಮ್ಮೆ ಮಾತಿನ ನಡುವೆಯೇ ದೊಡ್ಡ ಸದ್ದು ಕೇಳಿಸಿತು, ಆಮೇಲೆ ಗಾಜು ಉದುರಿದ ಸದ್ದು. "ಏನೂ ಆಗ್ಲಿಲ್ಲ, ಏನೂ ಆಗ್ಲಿಲ್ಲ" ಎಂದು ಅಕ್ಕ ಹೇಳುತ್ತಲೇ ಇದ್ದಳು. ಯಾರಿಗೆ ಹೇಳುತ್ತಿದ್ದಳೋ. ಅದಿತಿ ನನ್ನ ಮುಖವನ್ನೇ ನೋಡುತ್ತಿದ್ದಳು, ಹಾಗಾಗಿ ನಾನು ಮುಗುಳ್ನಗುತ್ತಾ ಕೇಳಬೇಕಾಯಿತು. ಅಂಥ ಕಷ್ಟದ ಕೆಲಸ ನನ್ನ ಜನ್ಮದಲ್ಲಿ ಬೇರೆ ಮಾಡಿಲ್ಲ.

ಅಬುಧಾಬಿಯ ನಮ್ಮ ದೂತಾವಾಸಕ್ಕೆ ಫೋನು ಹಚ್ಚಿದೆ. ಮಾತಾಡಿದವರು ಒಳ್ಳೆಯವರೇ. ಭಾರತೀಯರನ್ನು ಕರೆತರಲು ನೌಕಾಪಡೆಯ ಹಡಗು ಹೊರಟಿದೆ, ನಿಮ್ಮ ಅಕ್ಕನ ವಿವರ ಕೊಡಿ ಎಂದರು. ಕೊಟ್ಟೆ. ಭಾವನ ವಿಷಯವನ್ನೂ ಹೇಳಿದೆ. "ಅವರು ಬ್ರಿಟಿಷ್ ಪ್ರಜೆ ಅಲ್ವಾ ಮೇಡಂ? ಅವರ ದೂತಾವಾಸವನ್ನೂ ಒಮ್ಮೆ ಕೇಳಿ ನೋಡಿ. ನಮ್ಮ ಹಡಗಿನ ಬಗ್ಗೆ ನಾನೀಗ ಮಾತು ಕೊಡಲಾರೆ."

ಮಾತು ಕೊಡಲಾರೆ ಎಂದರೆ ಏನರ್ಥ? ಬಿಟ್ಟು ಹೋಗುತ್ತಾರೆ ಎಂದೇ? ಆದರೆ ಭಾವನಿಗೆ ಅವರದೇ ವಿಮಾನ ಬರುತ್ತದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮರುದಿನ ಆಫೀಸಿನಲ್ಲಿ ನಮ್ಮ ಮ್ಯಾನೇಜರ್ ಹೆಲೆನ್ ಅವರ ಕೋಣೆಗೆ ಹೋದೆ. ಹೆಲೆನ್ ಇಂಗ್ಲೆಂಡಿನವರು, ಐವತ್ತು ದಾಟಿದವರು. ಮೂರು ಚಮಚ ಸಕ್ಕರೆಯ ಕಡು ಚಹಾ, ಯಾರ ಮುಲಾಜೂ ಇಲ್ಲದ ಮಾತು. ನಾಲ್ಕು ವರ್ಷದ ಹಿಂದೆ ಲಿಬಿಯಾದಲ್ಲಿ ದಂಗೆಯಾದಾಗ ಒಂದು ಕೈಚೀಲ ಹಿಡಿದು ಅಲ್ಲಿಂದ ಓಡಿಬಂದವರು ಎಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನು ಎಲ್ಲ ಹೇಳಿ, ನಿಮ್ಮವರ ವಿಮಾನ ಯಾವಾಗ ಬರಬಹುದು ಎಂದು ಕೇಳಿದೆ.

ಹೆಲೆನ್ ಎದ್ದು ಬಾಗಿಲು ಮುಚ್ಚಿದರು. "ಲಿಬಿಯಾಕ್ಕೆ ನಮ್ಮ ಹಡಗು ಬಂದಿತ್ತು ಸುಮಾ. ನಾನು ಅದರಲ್ಲೇ ಬಂದದ್ದು. ಯೆಮನ್‌ಗೆ ಬರುವುದಿಲ್ಲ. ಅಲ್ಲಿಂದ ಹೊರಟುಬನ್ನಿ ಎಂದು ವರ್ಷಗಳಿಂದ ಹೇಳುತ್ತಿದ್ದಾರೆ. ಅಲ್ಲಿಯ ನಮ್ಮ ದೂತಾವಾಸ ಫೆಬ್ರವರಿಯಲ್ಲೇ ಮುಚ್ಚಿದೆ. ಉಳಿದವರು ತಮ್ಮ ದಾರಿ ತಾವೇ ನೋಡಿಕೊಳ್ಳಬೇಕು."

"ಯಾರೂ ಬರುವುದಿಲ್ಲವೇ?"

"ಯಾರೂ ಇಲ್ಲ. ನಿನ್ನಲ್ಲಿ ಸುಳ್ಳು ಹೇಳಿ ಏನು ಮಾಡಲಿ?" ಎಂದು ಅವರು ನನ್ನ ಭುಜ ಹಿಡಿದುಕೊಂಡರು. ಅವರ ಕಣ್ಣೂ ತುಂಬಿತ್ತು. ಆ ದೇಶದವರೇ ಹಾಗೆ ಹೇಳಿದ ಮೇಲೆ ನನಗೆ ಇನ್ನು ಕೇಳಲು ಯಾರೂ ಉಳಿದಿರಲಿಲ್ಲ.

ಅಂದು ಸಂಜೆ ಭಾವ ಫೋನು ಮಾಡಿದರು. ದನಿ ತಗ್ಗಿಸಿ ಮಾತಾಡುತ್ತಿದ್ದರು, ಅಕ್ಕ ಎಲ್ಲೋ ಹತ್ತಿರದಲ್ಲೇ ಇದ್ದಿರಬೇಕು. "ಇಂಡಿಯಾದ ಹಡಗು ಬರ್ತದಂತೆ ಸುಮಿ. ನನ್ನನ್ನು ಹತ್ತಿಸ್ತಾರೋ ಇಲ್ವೋ ಗೊತ್ತಿಲ್ಲ. ಇವಳು ನನ್ನ ಬಿಟ್ಟು ಹೋಗುದಿಲ್ಲ ಅಂತ ಕೂತಿದ್ದಾಳೆ. ನೀನಾದ್ರೂ ಹೇಳು ಮಾರಾಯ್ತಿ. ಅದಿತಿಗೆ ಒಬ್ಬರಾದ್ರೂ ಬೇಕಲ್ಲ."

ಅಕ್ಕನಿಗೆ ಗಂಡನನ್ನು ಬಿಟ್ಟು ಬಾ ಎಂದು ಹೇಳುವುದು ಹೇಗೆ? ಹೇಳದೆ ಇರುವುದು ಹೇಗೆ? ಮಂಜುನಾಥರಂತೂ "ಭಾವ ಹೇಳೋದೇ ಸರಿ ಕಣೇ. ಇಬ್ರೂ ಹೋದ್ರೆ ಮಗು ಗತಿ ಏನು?" ಎಂದರು. ಇಬ್ಬರೂ ಹೋದರೆ ಎಂಬ ಮಾತನ್ನು ಯಾರಾದರೂ ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಗೋಡೆಯಾಚೆ ಅದಿತಿಯ ಟಿವಿ ಸದ್ದು ನಿಂತುಹೋಗಿತ್ತು.

ಮರುದಿನ ಬೆಳಿಗ್ಗೆ ಅಕ್ಕನ ಫೋನು ಬಂತು. ದನಿಯಲ್ಲಿ ಎಂಥ ಗೆಲುವು ಗೊತ್ತೇ!

"ಸುಮಿ, ಹೆದರ್ಬೇಡ ಆಯ್ತಾ. ಇವರ ಬ್ರಿಟಿಷ್ ಹಡಗು ಬರ್ತದಂತೆ! ಇವರಿಗೆ ಮೆಸೇಜ್ ಬಂದದ್ದಂತೆ. ನೀನು ಇಂಡಿಯಾದ್ದರಲ್ಲಿ ಹೋಗು, ನಾನು ಹಿಂದಿನಿಂದ ಬರ್ತೇನೆ ಅಂತ ಹೇಳಿದ್ರು. ನಾನು ಯಾಕೆ ಬೇರೆ ಹೋಗ್ಲಿ? ನಾನು ಅವರ ಹೆಂಡತಿ ಅಲ್ವಾ, ನನ್ನನ್ನೂ ಹತ್ತಿಸ್ತಾರೆ. ಕಾದು ಒಟ್ಟಿಗೇ ಬರ್ತೇವೆ."

ನನಗೆ ಎಲ್ಲ ಒಮ್ಮೆಲೇ ಅರ್ಥವಾಯಿತು. ಅವಳನ್ನು ಹಡಗು ಹತ್ತಿಸಲು ಭಾವ ಕಟ್ಟಿದ ಸುಳ್ಳು ಅದು. ಅದನ್ನು ನಂಬಿ ಅವಳು, ಇರುವ ಹಡಗನ್ನು ಬಿಟ್ಟು ಇಲ್ಲದ ಹಡಗಿಗೆ ಕಾಯಲು ಕೂತಿದ್ದಳು. ಇಂಡಿಯಾದ ಹಡಗು ಬಂದು ಹೋದ ಮೇಲೆ ಇಬ್ಬರೂ ಅಲ್ಲೇ.

"ಅಕ್ಕಾ, ಕೇಳು. ಬ್ರಿಟಿಷ್ ಹಡಗು ಇಲ್ಲ. ಭಾವ ಸುಳ್ಳು ಹೇಳಿದ್ದು. ಹೆಲೆನ್ ಹತ್ರ ಕೇಳಿದೆ, ಯಾರೂ ಬರುದಿಲ್ಲ. ಇಂಡಿಯಾದ ಹಡಗು ಬಿಡ್ಬೇಡ. ಕೇಳ್ತದಾ? ಬಿಡ್ಬೇಡ ಅಕ್ಕ!"

ಉತ್ತರವಿಲ್ಲ. ಎಷ್ಟು ಕೇಳಿಸಿತು, ಯಾವಾಗ ಕಡಿಯಿತು, ಏನೂ ತಿಳಿಯಲಿಲ್ಲ. ಮತ್ತೆ ಹಚ್ಚಿದೆ, ರಿಂಗಾಯಿತು, ಎತ್ತಲಿಲ್ಲ. ಆಮೇಲೆ ಸ್ವಿಚ್ ಆಫ್. ಭಾವನದ್ದೂ ಸ್ವಿಚ್ ಆಫ್. ಅದಾದ ಮೇಲೆ ಆ ಎರಡು ನಂಬರುಗಳನ್ನು ಎಷ್ಟು ಸಲ ಒತ್ತಿದೆನೋ ದೇವರಿಗೇ ಗೊತ್ತು.

ಮರುದಿನ ಧೂಳು ಬಂತು. ಸೌದಿಯ ಕಡೆಯಿಂದ ಎದ್ದ ಬಿರುಗಾಳಿ ಇಡೀ ದುಬೈಯನ್ನು ನುಂಗಿತು. ಬೆಳಿಗ್ಗೆ ಎದ್ದರೆ ಎದುರಿನ ಕಟ್ಟಡವೇ ಇಲ್ಲ, ಬರೀ ಹಳದಿ. ಬಾಗಿಲು ಕಿಟಕಿಗಳ ಸಂದಿಗೆಲ್ಲ ಒದ್ದೆ ಟವೆಲು ತುರುಕಿದರೂ ಹಲ್ಲಿನಲ್ಲಿ ಮರಳು ಸಿಗುತ್ತಿತ್ತು. ಈ ಗಾಳಿ ಏಡನ್‌ನಲ್ಲೂ ಇದ್ದರೆ ಹಡಗು ದಡಕ್ಕೆ ಬರುತ್ತದೆಯೇ ಎಂದು ನನ್ನ ತಲೆ ಅದೊಂದನ್ನೇ ಕೇಳುತ್ತಿತ್ತು.

ಗಾಳಿ ಸ್ವಲ್ಪ ಇಳಿದ ಮೇಲೆ ಮಂಜುನಾಥ ನಮ್ಮಿಬ್ಬರನ್ನು ಕಾರಿನಲ್ಲಿ ಅಬುಧಾಬಿಗೆ ಕರೆದುಕೊಂಡು ಹೋದರು. ಶಾಲೆ ತೆರೆಯುವುದರಲ್ಲಿತ್ತು, ಅದಿತಿಯ ಯೂನಿಫಾರಂ, ಪುಸ್ತಕ ತರಬೇಕಿತ್ತು. ದಾರಿಯಲ್ಲಿ ನನ್ನ ಮನಸ್ಸು ಹೋಗಬಾರದ ಕಡೆಗೆಲ್ಲ ಹೋಯಿತು. ಇವಳ ವೀಸಾ ಇರುವುದು ಭಾವನ ಕೆಲಸದ ಮೇಲೆ. ಅವರೇ ಇಲ್ಲದಿದ್ದರೆ? ಇವಳು ಬ್ರಿಟಿಷಳು, ನಾವು ಇಂಡಿಯಾದವರು. ಇವಳನ್ನು ನಮ್ಮ ಬಳಿ ಇರಲು ಬಿಡುತ್ತಾರೆಯೇ? ಕಾನೂನು ಗೊತ್ತಿಲ್ಲದವಳ ಹೆದರಿಕೆಗೆ ಮಿತಿ ಇರುವುದಿಲ್ಲ.

ಅಕ್ಕನ ಫ್ಲ್ಯಾಟಿನಲ್ಲಿ ನೆಲದ ಮೇಲೆಲ್ಲ ಧೂಳು, ಅಡುಗೆಮನೆಯಲ್ಲಿ ಮೊಳಕೆ ಬಂದ ಈರುಳ್ಳಿ. ನಾನು ಯೂನಿಫಾರಂ ಮಡಚುತ್ತಿದ್ದೆ. ಅದಿತಿ ತನ್ನ ಅಮ್ಮನ ಕಪಾಟಿನಿಂದ ಏನನ್ನೋ ತಂದು ನನ್ನ ಮುಂದೆ ಹಿಡಿದಳು. ಅವಳದೇ ಪಾಸ್‌ಪೋರ್ಟು.

"ಚಿಕ್ಕಮ್ಮ, ಈಸ್ ದಿಸ್ ದ ರಾಂಗ್ ಒನ್?"

"ಯಾರು ಹೇಳಿದ್ದು ನಿನಗೆ?"

"ಐ ಹರ್ಡ್ ಯು. ಅಪ್ಪನ ಪಾಸ್‌ಪೋರ್ಟ್‌ಗೆ ಶಿಪ್ ಬರಲ್ಲ. ನಂದೂ ಸೇಮ್. ಸೋ ನನ್ನ ಕರ್ಕೊಂಡು ಹೋಗೋಕೂ ಯಾರೂ ಬರಲ್ವಾ?"

ಮನೆಯಲ್ಲಿ ನಾವು ಮೆತ್ತಗೆ ಅತ್ತದ್ದೆಲ್ಲ ವ್ಯರ್ಥವಾಗಿತ್ತು. ನಾನು ಅವಳನ್ನು ತಬ್ಬಿಕೊಂಡು, ನಾನು ಬರ್ತೇನೆ, ಎಲ್ಲಿದ್ದರೂ ಬರ್ತೇನೆ ಎಂದೆ. ಅಂದಿನಿಂದ ಅವಳು ನನ್ನ ಪಕ್ಕದಲ್ಲೇ, ನನ್ನ ದುಪಟ್ಟಾದ ತುದಿ ಬೆರಳಿಗೆ ಸುತ್ತಿಕೊಂಡು ಮಲಗತೊಡಗಿದಳು. ಮಂಜುನಾಥ ಹಾಲ್‌ಗೆ ಚಾಪೆ ಸಾಗಿಸಿದರು.

ಫೋನು ಬಂದದ್ದು ನಾನು ಆಫೀಸಿನಲ್ಲಿದ್ದಾಗ. ಪರಿಚಯವಿಲ್ಲದ ಉದ್ದ ನಂಬರು. ಎತ್ತಲು ಧೈರ್ಯ ಬರಲಿಲ್ಲ. ಹೆಲೆನ್ ಬಂದು ನನ್ನ ಕೈಯಿಂದ ಮೊಬೈಲು ತೆಗೆದು, ಹಸಿರು ಗುಂಡಿ ಒತ್ತಿ, ನನ್ನ ಕಿವಿಗೆ ಹಿಡಿದರು.

"ಸುಮಿ, ನಾನು. ಹಡಗಿಳಿದು ಆಫ್ರಿಕಾದ ಜಿಬೂಟಿಯಲ್ಲಿದ್ದೇವೆ."

"ಇದ್ದೇವೆ ಅಂದ್ರೆ? ಭಾವ?"

"ಇಲ್ಲೇ ಇದ್ದಾರೆ, ಚಹಾ ಕುಡೀತಿದ್ದಾರೆ. ಸಕ್ಕರೆ ಕಮ್ಮಿ ಅಂತ ಗೊಣಗ್ತಿದ್ದಾರೆ."

ನಾನು ಗೋಳೋ ಎಂದು ಅತ್ತೆ. ಮೆತ್ತಗೇನೂ ಅಲ್ಲ, ಇಡೀ ಮಹಡಿಗೆ ಕೇಳುವ ಹಾಗೆ.

ಮೂರನೆಯ ದಿನ ಅವರಿಬ್ಬರೂ ದುಬೈಗೆ ಬಂದಿಳಿದರು. ಭಾವ ಗಾಲಿ ಕುರ್ಚಿಯಲ್ಲಿ, ಪ್ಲಾಸ್ಟರು ಮಸಿಯಷ್ಟು ಕಪ್ಪು. ಅಕ್ಕನ ಮುಖ ಅರ್ಧವಾಗಿತ್ತು. ಅದಿತಿ ಓಡಿಹೋಗಿ ಇಬ್ಬರ ನಡುವೆ ಮುಖ ಹುದುಗಿಸಿದಳು. ಕಾರಿನಲ್ಲಿ ಭಾವ ಮುಂದೆ ಕಾಲು ಚಾಚಿ ಕೂತರು, ಹಿಂದೆ ನಾವು ಮೂವರು, ಅದಿತಿ ನಡುವೆ. ಅಕ್ಕ ನಿಲ್ಲಿಸದೆ ಮಾತಾಡಿದಳು.

"ಆ ದಿನ ಲೈನ್ ಕಟ್ ಆದದ್ದಲ್ಲ ಸುಮಿ. ನೀನು ಹೇಳಿದ್ದೆಲ್ಲ ಕೇಳಿಸ್ತು. ಫೋನ್ ನಾನೇ ಇಟ್ಟದ್ದು. ಇಟ್ಟು, ಇವರಿಗೆ ಬಾಯಿಗೆ ಬಂದ ಹಾಗೆ ಬೈದೆ. ಬೈದು ಮುಗಿಸುವಾಗ ಕರೆಂಟಿಲ್ಲ, ಚಾರ್ಜಿಲ್ಲ."

ಪಕ್ಕದ ಬೀದಿಯ ಕೇರಳದ ಇಬ್ಬರು ನರ್ಸುಗಳು ಹಡಗಿಗೆ ಹೊರಟಿದ್ದರಂತೆ. ಅವರ ಕೈಕಾಲು ಹಿಡಿದು, ಭಾವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮೂವರು ಹೆಂಗಸರು ಬಂದರಿನವರೆಗೆ ಹೊತ್ತು, ಇಳಿಸಿ, ಹೊತ್ತು ತಂದರಂತೆ. ಹಡಗು ದೂರದಲ್ಲಿ ನಿಂತಿತ್ತು. ಜನರನ್ನು ಮೀನುಗಾರರ ದೋಣಿಯಲ್ಲಿ ಸಾಗಿಸುತ್ತಿದ್ದರು. ಅಲ್ಲಿದ್ದ ನಮ್ಮ ಅಧಿಕಾರಿಯ ಮುಂದೆ ಭಾವ ತಾವಾಗಿಯೇ ಕೆಂಪು ಪಾಸ್‌ಪೋರ್ಟ್ ತೆಗೆದು ಹಿಡಿದರಂತೆ. ಆತ ಒಮ್ಮೆ ಪ್ಲಾಸ್ಟರು ನೋಡಿ, "ಮೊದಲು ದೋಣಿ ಹತ್ತಿ, ಪಾಸ್‌ಪೋರ್ಟ್ ಆಮೇಲೆ ನೋಡೋಣ" ಎಂದನಂತೆ. ಬೇರೆ ಬೇರೆ ದೇಶದವರು ಎಷ್ಟೋ ಜನ ಆ ಹಡಗಿನಲ್ಲಿ ಬಂದರಂತೆ.

ಭಾವ ಇದನ್ನೆಲ್ಲ ಕೇಳುತ್ತಾ ಹೊರಗೆ ನೋಡುತ್ತಿದ್ದರು. 'ನಮ್ಮ ವಿಮಾನ' ಎಂದು ತಮಾಷೆ ಮಾಡಲು ನನಗೂ ಬಾಯಿ ಬರಲಿಲ್ಲ.

ಅದಿತಿ ಇದ್ದಕ್ಕಿದ್ದಂತೆ ಕೇಳಿದಳು. "ಅಮ್ಮ, ಶಿಪ್‌ನವರು ಅಪ್ಪನಿಗೆ ನೋ ಅಂದಿದ್ರೆ? ನೀನು ಬರ್ತಿದ್ದೆ ಅಲ್ವಾ?"

ಭಾವ ತಿರುಗಿ, "ಆಫ್‌ಕೋರ್ಸ್ ಡಾರ್ಲಿಂಗ್, ಶಿ ವುಡ್ ಹ್ಯಾವ್ ಕಮ್" ಎಂದರು.

"ಸುಳ್ಳು ಹೇಳ್ಬೇಡಿ ಅವಳಿಗೆ" ಎಂದಳು ಅಕ್ಕ. ಮಗಳ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಇಲ್ಲ ಮಗಾ. ಬರ್ತಿರ್ಲಿಲ್ಲ. ನಿನಗೆ ಚಿಕ್ಕಮ್ಮ ಇದ್ದಳು. ಅಪ್ಪನಿಗೆ ಅಲ್ಲಿ ಯಾರಿದ್ರು?"

ಅದಿತಿ ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. "ಓಕೆ" ಎಂದಳು. ಅಕ್ಕ ಕೈ ಬಿಟ್ಟ ಮೇಲೆ ಸ್ವಲ್ಪ ಸರಿದು ನನ್ನ ಮಗ್ಗುಲಿಗೆ ಒತ್ತಿ ಕೂತಳು. ನಾನು ಅಕ್ಕನ ಮುಖ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು, ಕಣ್ಣು ತಪ್ಪಿಸಲಿಲ್ಲ. ಆ ಊರಿನಲ್ಲಿ ಫೋನಿಟ್ಟ ಕ್ಷಣದಲ್ಲೇ ಅವಳು ನನ್ನನ್ನೊಂದು ಮಾತೂ ಕೇಳದೆ ಮಗಳನ್ನು ನನ್ನ ಕೈಗೆ ಕೊಟ್ಟುಬಿಟ್ಟಿದ್ದಳು. ಅಲ್ಲಿಯವರೆಗೆ ಅವರಿಗಾಗಿ ಹೆದರಿದ್ದ ನಾನು, ಎಲ್ಲ ಮುಗಿದು ಎಲ್ಲರೂ ಕ್ಷೇಮವಾಗಿ ಕೂತಿದ್ದ ಆ ಕಾರಿನಲ್ಲಿ, ಮೊದಲ ಸಲ ನನಗಾಗಿ ನಡುಗಿಹೋದೆ.

ಮನೆಗೆ ಬಂದು ಉಂಡು, ಅಕ್ಕನಿಗೂ ಭಾವನಿಗೂ ನಮ್ಮ ಕೋಣೆಯನ್ನೇ ಬಿಟ್ಟುಕೊಟ್ಟೆವು. ಅಕ್ಕ ಮಂಚದ ಮೇಲೆ ಮಗಳಿಗೆ ಜಾಗ ಮಾಡಿ, ಕೈ ಚಾಚಿ ಕರೆದಳು. ಅದಿತಿ ಬಾಗಿಲಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, "ಗುಡ್‌ನೈಟ್ ಅಮ್ಮ" ಎಂದು ಹೇಳಿ, ತನ್ನ ದಿಂಬು ಎತ್ತಿಕೊಂಡು ಹಾಲ್‌ನಲ್ಲಿದ್ದ ನನ್ನ ಚಾಪೆಗೆ ಬಂದಳು.